ಅಮ್ಮನ ಧಾರಾವಾಹಿ

ಸೊಸೆ ಆಗಲೇ ಬಟ್ಟೆಯ ಚೀಲವನ್ನು ಹೊಸಿಲ ಬಳಿ ತಂದಿಟ್ಟಿದ್ದಳು.

"ಆ್ಯಪಿಗೆ ಮತ್ತೆ ರೇಟ್ ಏರಿಸಿದಾರಮ್ಮ, ತೆಗೆಸಿಬಿಟ್ಟೆ," ಎಂದ ಹಿರಿಯ ಮಗ. "ನಿನ್ನ 'ಒಂದೇ ಒಲೆ' ಈಗ ಮತ್ತೆ ತಮ್ಮನ ಆ್ಯಪಲ್ಲೇ ಬರ್ತಿದೆಯಂತೆ, ನೋಡಬೇಕಂದ್ರೆ ಇನ್ನು ಅವನ ಮನೇನೇ ಗತಿ."

ಪಂಕಜಮ್ಮ ತಲೆಯಾಡಿಸಿದರು. ಹೋದ ತಿಂಗಳು ಕಿರಿಯವನೂ ಹೀಗೇ ಹೇಳಿ ಕಳಿಸಿದ್ದ: ಧಾರಾವಾಹಿ ಅಣ್ಣನ ಆ್ಯಪಿಗೆ ಹೋಗಿದೆ, ಒಬ್ಬರ ಪಾಸ್‌ವರ್ಡು ಈಗ ಇನ್ನೊಬ್ಬರ ಮನೆಯಲ್ಲಿ ನಡೆಯುವುದಿಲ್ಲ, ಇರುವ ಆ್ಯಪಿಗೆಲ್ಲ ದುಡ್ಡು ಸುರಿಯಲು ಯಾರಿಂದಾಗುತ್ತದೆ ಎಂದು.

"ಅಲ್ಲಿ ಎಷ್ಟು ದಿನ ಇರಲೋ?"

"ಧಾರಾವಾಹಿ ಇರೋವರೆಗೂ ಇರಮ್ಮ, ಯಾರು ಬೇಡ ಅಂತಾರೆ!" ಮಗ ನಗುತ್ತಾ ಅವರನ್ನು ಆಟೊ ಹತ್ತಿಸಿದ. ಡ್ರೈವರನಿಗೂ ಹೇಳಿದ: "ನಮ್ಮಮ್ಮಂಗೆ 'ಒಂದೇ ಒಲೆ' ಹುಚ್ಚು ಕಣಪ್ಪ. ಅದು ಬರದಿರೋ ಮನೇಲಿ ಒಂದು ದಿನಾನೂ ನಿಲ್ಲಲ್ಲ."

ಬೀದಿಯ ತಿರುವು ದಾಟಿದ ಮೇಲೆ ಡ್ರೈವರ್ ಕನ್ನಡಿಯಲ್ಲಿ ಅವರನ್ನು ನೋಡಿದ.

"ನಮ್ಮನೇಲೂ ನೋಡ್ತಿದ್ರು. ಅದು ದೀಪಾವಳಿಗೇ ಮುಗಿದೋಯ್ತಲ್ಲಜ್ಜಿ?"

ಪಂಕಜಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಂಡರು.

"ಗೊತ್ತಪ್ಪ. ಕಿರಿಯವನ ಬಾಗಿಲಲ್ಲಿ ಮಾತ್ರ ಹಾಗನ್ನಬೇಡ."