ಹಗ್ಗ ಹೇಳಿದ ಮನೆ ನಂಬರು

ಆ ಊರಿನ ಬಾಗಿಲುಗಳಿಗೆ ಬೀಗವಿಲ್ಲ. ಹೊರಗೆ ನಿಂತವರು ಮನೆ ನಂಬರನ್ನು ಯಾವ ರೀತಿಯಲ್ಲಾದರೂ ಸರಿ, ಪೂರ್ತಿ ಹೇಳಿದರೆ ತಾವಾಗಿಯೇ ತೆರೆಯುತ್ತವೆ. ಪಕ್ಕದ ಮನೆಗೆ 'ಒಂದು ಪಾಯಿಂಟ್, ಮುಂದೆಲ್ಲ ಮೂರು' ಎಂದರೆ ಸಾಕು. ಫಕೀರಪ್ಪನ ಹೊಸ ಮನೆಯದು ಹಾಗಲ್ಲ. ಅವನು ಸೂಲಗಿತ್ತಿ ದ್ಯಾಮವ್ವನನ್ನು ಕರೆತರುವಷ್ಟರಲ್ಲಿ ಗಾಳಿಗೆ ಬಾಗಿಲು ಮುಚ್ಚಿಕೊಂಡಿತ್ತು. ಒಳಗೆ ಹೆಂಡತಿ ಕಸ್ತೂರಿ ಹೆರಿಗೆನೋವಿನಲ್ಲಿ ಚೀರುತ್ತಿದ್ದಳು.

"ಒಂದು ಪಾಯಿಂಟ್ ನಾಕು, ಒಂದು, ನಾಕು, ಎರಡು, ಒಂದು, ಮೂರು, ಐದು... ಮುಗೀವಲ್ದು ಬೇ ಯವ್ವಾ! ಒಂದರಂಗ ಒಂದಿಲ್ಲ!" ಎಂದು ಫಕೀರಪ್ಪ ಹಲುಬಿದ.

ಬಾಗಿಲ ಪಕ್ಕದಲ್ಲಿ ಮನೆ ನಂಬರಿನಷ್ಟೇ ಉದ್ದದ ಹಗ್ಗ ತೂಗುತ್ತಿತ್ತು. ದ್ಯಾಮವ್ವ ಅದನ್ನು ಕಿತ್ತುಕೊಂಡು, ಅಲ್ಲೇ ಒರಗಿಸಿದ್ದ ಊರ ಅಳತೆಗೋಲು ಹಿಡಿದಳು; ಅದರ ಉದ್ದ ಸರಿಯಾಗಿ ಒಂದು. ಹಗ್ಗದಲ್ಲಿ ಕೋಲು ಒಂದು ಸಲ ಹಿಡಿಸಿತು. ಉಳಿದ ತುಂಡು ಕೋಲಿನಲ್ಲಿ ಎರಡು ಸಲ. ಅಲ್ಲಿ ಮಿಕ್ಕಿದ್ದು ಆ ತುಂಡಿನಲ್ಲಿ ಮತ್ತೆ ಎರಡು ಸಲ. ಮತ್ತೂ ಎರಡು! ಕೋಲಿಗೂ ತುಂಡಿಗೂ ಇದ್ದ ಹೊಂದಿಕೆಯೇ ಪ್ರತಿ ಸಲವೂ ಚಿಕ್ಕದಾಗಿ ಮರಳಿ ಬರುತ್ತಿತ್ತು. ದ್ಯಾಮವ್ವ ಬಾಗಿಲತ್ತ ತಿರುಗಿ ಕೂಗಿದಳು:

"ಮೊದಲ ಒಂದು ಸಲ! ಮುಂದ ಎಷ್ಟು ಅಳದ್ರೂ ಎರಡೆರಡ ಸಲ!"

ಬಾಗಿಲು ದಢಾರನೆ ತೆರೆದುಕೊಂಡಿತು.

ಫಕೀರಪ್ಪ ಮಾತ್ರ ಕಣ್ಣು ಮುಚ್ಚಿ ಹೇಳುತ್ತಲೇ ಇದ್ದ: "ಎಂಟು, ಎಂಟು, ಸೊನ್ನೆ, ಒಂದು..."

"ನಿನ್ನ ಅಂಕಿಗಿಷ್ಟು ಬೆಂಕಿ ಹತ್ತಲಿ!" ಒಳಗೆ ಓಡುತ್ತಲೇ ದ್ಯಾಮವ್ವ ಕೂಗಿದಳು. "ನಡಿ, ನೀರು ಕಾಸು!"