ಎರಡನೇ ಗಂಟು

ಹನ್ನೊಂದನೇ ರೊಟ್ಟಿ ಹೆಂಚಿನ ಮೇಲೆ ಬಿದ್ದಾಗ ಗುರುಸಿದ್ದ ಆರನೇ ಸಲ ಫೋನು ನೋಡಿದ.

"ನಿನ್ನಿ ಸಂಜಿಂದ ಸರ ಒಂದಕ್ಷರ ಬರದಿಲ್ಲ," ಎಂದ.

ದಾನೇಶ್ವರಿ ಒದ್ದೆ ಬಟ್ಟೆಯಿಂದ ರೊಟ್ಟಿಯ ಮೈಗೆ ನೀರು ಸವರಿದಳು. ದಿನವೂ ಅವಳು ಮಗಳು ತ್ರಿವೇಣಿ ಬಿಟ್ಟುಹೋದ ಹಳೆಯ ಫೋನಿನಲ್ಲಿ ವಚನ ಹಚ್ಚಿಕೊಂಡು ರೊಟ್ಟಿ ಬಡಿಯುವವಳು. ಇಂದು ಒಲೆಯ ಪಕ್ಕದಲ್ಲಿ ಆ ಫೋನು ಇರಲಿಲ್ಲ. ಮನೆ ತೀರ ನಿಶ್ಶಬ್ದವಾಗಿತ್ತು.

"ಇಷ್ಟ ರೊಟ್ಟಿ ಯಾರಿಗಿ? ಖಾನಾಪುರಕ್ಕ ಹೊಂಟೀವೋ, ದಂಡಿಗೆ ಹೊಂಟೀವೋ?"

"ಕಡಕ್ ಮಾಡಾಕತ್ತೀನಿ. ಕೆಡಂಗಿಲ್ಲ ಬಿಡ್ರಿ."

ಹನ್ನೊಂದು ಗಂಟೆಗೆ ಅವರು ಖಾನಾಪುರದ ನೋಂದಣಿ ಕಚೇರಿಯಲ್ಲಿರಬೇಕಿತ್ತು. ದಾನೇಶ್ವರಿಯ ತವರೂರು ಬೀಡಿಯ ಮೂರು ಎಕರೆ ಹೊಲ ಇಂದು ಮಾರಾಟ. ಅವಳ ತಾಯಿ ಸಂಗವ್ವ ಸಾಯುವ ಮುಂಚೆ ಅವಳ ಹೆಸರಿಗೇ ಬರೆದುಕೊಟ್ಟ ಹೊಲ. ಕೊಳ್ಳುವ ರಾಯಪ್ಪ ಸಿದ್ಧನಿದ್ದ. ಬೇಕಾದದ್ದು ದಾನೇಶ್ವರಿಯ ಸಹಿ ಮಾತ್ರ. ಸಂಜೆಯೊಳಗೆ ಬಂದ ಹಣವೆಲ್ಲ ಒಂದೇ ಕ್ರಿಪ್ಟೊ ಕಾಯಿನ್ನಿಗೆ ಹೋಗುವುದಿತ್ತು.

ಆಟೋ ನಗರದಲ್ಲಿ ಗುರುಸಿದ್ದನ ಬಿಡಿಭಾಗಗಳ ಅಂಗಡಿಯಿದೆ. ಎರಡು ವರ್ಷದಿಂದ ಅವನ ಕಣ್ಣು ಗಿರಾಕಿಗಳ ಮೇಲಿಲ್ಲ. ಬೆಳಿಗ್ಗೆ ಕಾಯಿನ್ ಕೊಂಡು ಸಂಜೆಗೆ ಮಾರುವ ಆಟ. ಮೊದಲ ಆರು ತಿಂಗಳಲ್ಲೇ ಕೈ ಸುಟ್ಟುಕೊಂಡಿದ್ದ. ಆಗ ದಾನೇಶ್ವರಿ ಒಂದು ಮಾತು ಹೇಳಿದ್ದಳು. ಅವ್ವ ಖಾನಾಪುರದ ಪೇಟೆಗೆ ಗೆಣಸು ಹೊತ್ತು ಹೊರಡುವಾಗ ಮನೆಯಲ್ಲೇ ಸೆರಗಿಗೆ ಎರಡು ಗಂಟು ಹಾಕಿಕೊಳ್ಳುತ್ತಿದ್ದಳು. ಒಂದು, ಇಷ್ಟು ಬೆಲೆ ಬಂದರೆ ಮಾರಿಬಿಡುವುದಕ್ಕೆ. ಎರಡನೆಯದು, ಇಷ್ಟಕ್ಕೆ ಇಳಿದರೆ ನಷ್ಟವನ್ನು ಒಪ್ಪಿಕೊಂಡು, ಬುಟ್ಟಿ ಬರಿದು ಮಾಡಿ ಎದ್ದು ಬರುವುದಕ್ಕೆ. ಪೇಟೆಯ ಗದ್ದಲದಲ್ಲಿ ಬುದ್ಧಿ ಕೆಡುತ್ತದೆ, ಅದಕ್ಕೇ ಗಂಟನ್ನು ಮನೆಯಲ್ಲೇ ಹಾಕಬೇಕು. ಎದ್ದ ಮೇಲೆ ಹಿಂದಿರುಗಿ ನೋಡಬಾರದು.

ಗುರುಸಿದ್ದ ನಕ್ಕಿದ್ದ. "ಇದು ಗೆಣಸ ಮಾರಿದಂಗಲ್ಲ. ನೀ ರೊಟ್ಟಿ ಬಡಿ."

ತಿಂಗಳ ಮೇಲೆ ಯಾರೋ ಗೊತ್ತಿಲ್ಲದ ಸರ್ ಅದನ್ನೇ ಹೇಳಿದರು. ಆಗ ಅವನು ಅದನ್ನು ಹಾಳೆಯ ಮೇಲೆ ದೊಡ್ಡದಾಗಿ ಬರೆದು ಕಪಾಟಿನ ಒಳಬಾಗಿಲಿಗೆ ಅಂಟಿಸಿದ.

ಆ ಸರ್ ಅವರ ಮುಖ ಯಾರೂ ಕಂಡವರಿಲ್ಲ, ದನಿ ಕೇಳಿದವರಿಲ್ಲ. ಫೋನಿನ ಒಂದು ಗುಂಪಿಗೆ ದಿನಾ ಬೆಳಿಗ್ಗೆ ಆರಕ್ಕೆ ಬರೆಯುತ್ತಾರೆ. ಬೆಲೆಯ ನಕ್ಷೆಗೆ ಎರಡು ಗೆರೆ ಎಳೆಯುತ್ತಾರೆ. ಮೇಲಿನ ಗೆರೆ ಮುಟ್ಟಿದರೆ ಲಾಭಕ್ಕೆ ಮಾರಿ. ಕೆಳಗಿನ ಗೆರೆ ದಾಟಿದರೆ ಹೊರಬನ್ನಿ. ಒಂದು ಸಲಕ್ಕೆ ನೂರರಲ್ಲಿ ಎರಡಕ್ಕಿಂತ ಹೆಚ್ಚು ಕಳೆದುಕೊಳ್ಳಬೇಡಿ. ಎಲ್ಲರೂ ಅವರನ್ನು ಗೆರೆ ಸರ್ ಅನ್ನುತ್ತಾರೆ. ಕಟ್ಟಿಕೊಂಡ ಹೆಂಡತಿ ಕೇಳಿದರೆ ಬಾರದ ಉತ್ತರ, ಆ ಕಾಣದ ಮನುಷ್ಯ ಕೇಳಿದರೆ ಗುರುಸಿದ್ದನಿಂದ ನಿಮಿಷದಲ್ಲಿ ಬರುತ್ತಿತ್ತು.

"ನೀ ಒಲಿ ಹಚ್ಚೂದ್ರಾಗ ಅವ್ರ ಕೆಲಸ ಮುಗದಿರ್ತೈತಿ," ಎಂದು ಅವಳನ್ನು ಹಂಗಿಸುತ್ತಿದ್ದ.

ವರ್ಷದವರೆಗೆ ಗೆರೆ ದಾಟಲಿಲ್ಲ. ಆಮೇಲೆ ಬೆಲೆ ಕೆಳಗಿನ ಗೆರೆಯ ಹತ್ತಿರ ಬಂದಾಗಲೆಲ್ಲ ಗೆರೆಯನ್ನೇ ಇನ್ನಷ್ಟು ಕೆಳಗೆ ಸರಿಸಿದ. ಒಂದು ದಿನ ತೆಗೆದೇಬಿಟ್ಟ. ತ್ರಿವೇಣಿಯ ಚಿನ್ನದ ಬಳೆಗಳು ಹಾಗೆ ಹೋದವು. ಸರ್ ಬೈದರು, ಇವನು ತಪ್ಪಾಯಿತು ಎಂದ, ಮತ್ತೆ ಅದನ್ನೇ ಮಾಡಿದ.

ಇಂದು ಕೊಳ್ಳಬೇಕೆಂದಿದ್ದ ಕಾಯಿನ್ ತಿಂಗಳಲ್ಲಿ ಮೂರು ಸಲ ಒಂದೇ ಬೆಲೆಗೆ ಇಳಿದು, ಮೂರು ಸಲವೂ ಎದ್ದಿತ್ತು. ನಾಲ್ಕನೇ ಸಲವೂ ಏಳುತ್ತದೆ ಎಂದು ಅವನ ಹಟ. ಸ್ವಲ್ಪ ಹಾಕಿ, ಗೆರೆ ಮುರಿದರೆ ಹೊರಬನ್ನಿ ಎಂದು ಸರ್ ಗುಂಪಿಗೆ ಬರೆದಿದ್ದರು. ಹೊಲದ ಹಣ ಪೂರ್ತಿ ಹಾಕಲೇ ಎಂದು ಇವನು ಅವರನ್ನು ಗುಟ್ಟಾಗಿ ಕೇಳಿದ್ದ. ಉತ್ತರ ಬಂದಿರಲಿಲ್ಲ.

"ಸರ ಸುಮ್ಮನ ಅದಾರ ಅಂದ್ರ ಹೂಂ ಅಂದಂಗ," ಎಂದು ತಾನೇ ತೀರ್ಮಾನಿಸಿ ಎದ್ದ. ಹೆಂಡತಿಯ ವಿಷಯದಲ್ಲೂ ಅವನ ತೀರ್ಮಾನ ಅದೇ ಆಗಿತ್ತು. ಸಹಿಯ ಮಾತು ತೆಗೆದಾಗಿನಿಂದ ಅವಳು ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ.

ಎರಡು ದಿನದ ಹಿಂದೆ ಒಗೆಯಲು ತೆಗೆದ ಅವನ ಅಂಗಿಯ ಕಿಸೆಯಲ್ಲಿ ಒಂದು ಹಾಳೆ ಸಿಕ್ಕಿತ್ತು. ಮೇಲಿನಿಂದ ಕೆಳಗಿನವರೆಗೆ ಅವಳದೇ ಸಹಿ, ನಲವತ್ತು ಸಲ. ಮೊದಲಿನವು ಸೊಟ್ಟ. ಕೊನೆಯದನ್ನು ನೋಡಿದರೆ ಅವಳೇ ತನ್ನದೆನ್ನಬೇಕು. ಹಾಳೆಯನ್ನು ಮಡಚಿ ಎಲ್ಲಿತ್ತೋ ಅಲ್ಲೇ ಇಟ್ಟಿದ್ದಳು.

ಹೊರಡುವ ಮುಂಚೆ ಸೀರೆ ಬದಲಿಸಿ ಸೆರಗಿನ ತುದಿಗೆ ಎರಡು ಗಂಟು ಹಾಕಿದಳು. ಕಾರಿನಲ್ಲಿ ಅದು ಅವನ ಕಣ್ಣಿಗೆ ಬಿತ್ತು.

"ಅದೇನ ಗಂಟ?"

"ಮರೀಬಾರದಂತ ಹಾಕ್ಕೊಂಡೀನ್ರಿ."

ಕಚೇರಿಯ ಮುಂದೆ ಜನ ತುಂಬಿದ್ದರು. ರಾಯಪ್ಪ ದೂರದಿಂದಲೇ ಕೈ ಮುಗಿದ. "ಇಲ್ಲೇ ಕುಂದರು, ಕರದಾಗ ಬಾ," ಎಂದು ಹೇಳಿ ಗುರುಸಿದ್ದ ಕಾಗದಪತ್ರ ಹಿಡಿದು ಒಳಗೆ ಹೋದ.

ದಾನೇಶ್ವರಿ ಎರಡನೇ ಗಂಟನ್ನು ಮುಟ್ಟಿ ನೋಡಿಕೊಂಡಳು. ಗಟ್ಟಿಯಾಗಿತ್ತು. ಈ ಸಂಸಾರದಲ್ಲಿ ಕೆಳಗಿನ ಗೆರೆಯನ್ನು ಅವಳೂ ಎಷ್ಟೋ ಸಲ ಇನ್ನಷ್ಟು ಕೆಳಗೆ ಸರಿಸಿದ್ದಳು. ಆ ನಲವತ್ತು ಸಹಿಗಳ ಕೆಳಗೆ ಸರಿಸಲು ಜಾಗ ಉಳಿದಿರಲಿಲ್ಲ.

ಚೀಲ ಹೆಗಲಿಗೇರಿಸಿ ಎದ್ದಳು. ಅದರಲ್ಲಿ ರೊಟ್ಟಿಯ ಗಂಟು, ಎರಡು ಸೀರೆ, ಬೀಡಿಯಲ್ಲಿ ಅವ್ವನಿದ್ದ ಮನೆಯ ಕೀಲಿ. ಯಾರಿಗೂ ಹೇಳಲಿಲ್ಲ. ನಿಲ್ದಾಣದಲ್ಲಿ ಬೀಡಿಯ ಬಸ್ಸು ನಿಂತಿತ್ತು. ಕಿಟಕಿಯ ಬದಿಯಲ್ಲಿ ಕುಳಿತಳು, ಹಿಂದಿರುಗಿ ನೋಡಲಿಲ್ಲ.

ಊರು ದಾಟುವಾಗ ರೊಟ್ಟಿಗಳ ಕೆಳಗೆ ತ್ರಿವೇಣಿಯ ಹಳೆಯ ಫೋನು ನಡುಗಿತು. ಅಂಚಿಗೆ ಅಂಟಿದ್ದ ಜೋಳದ ಹಿಟ್ಟನ್ನು ಒರೆಸಿ ಓದಿದಳು: "ಗೆರೆ ಸರ, ನಾ ಗುರುಸಿದ್ದ. ಕಚೇರ್‍ಯಾಗ ಅದೀನಿ. ಹೆಂಡ್ತಿ ಏನೂ ಮಾತಾಡವಲ್ಲಳು, ನೀವೂ ಮಾತಾಡವಲ್ಲಿರಿ. ಒಂದ ಮಾತ ಹೇಳ್ರಿ."

ದಾನೇಶ್ವರಿ ಇಬ್ಬರ ಪರವಾಗಿಯೂ ಸುಮ್ಮನಿದ್ದಳು.