ಚಿಕ್ಕಮ್ಮನ ಹೊಲದ ಕರಬೂಜ

ಬೇಸಿಗೆ ಮುಗಿಯುತ್ತ ಬಂದಿತ್ತು, ಬಿಸಿಲು ಮಾತ್ರ ಮುಗಿದಿರಲಿಲ್ಲ. ಸಂಶೋಧನಾ ಅನುದಾನ ಕಚೇರಿಯ ಜವಾನ ಬೆಳಗಿನಿಂದ ಕುರ್ಚಿ ಒರೆಸಿ, ಲೋಟ ತೊಳೆದು, ಸಂದರ್ಶನಕ್ಕೆ ಬಂದ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಒಳಗೆ ಬಿಡುತ್ತಿದ್ದ. ಎಲ್ಲರ ಕೈಯಲ್ಲೂ ಕಡತ. ಕೊನೆಯ ಹುಡುಗಿಯ ಕೈಯಲ್ಲಿ ಮಾತ್ರ ಗೋಣಿಚೀಲ.

"ಏನಮ್ಮಾ ಇದು?"

"ಕರಬೂಜ ಅಣ್ಣಾ. ಸಾಹೇಬರಿಗೆ."

ಜವಾನನ ಹುಬ್ಬು ಮೇಲೇರಿತು. ಇಂಥವರನ್ನು ಅವನು ಬಹಳ ಕಂಡಿದ್ದ. "ಓದಿದವರೂ ಹೀಗೇನಾ? ಹಣ್ಣು ಕೊಟ್ಟು ಹಣ ಕೀಳೋದು?"

"ಈ ಬಿಸಿಲಲ್ಲಿ ತಂಪಾಗಲಿ ಅಂತ, ಅಷ್ಟೇ."

ಚೀಲದ ತಳಕ್ಕೆ ಬಿಳಿ ಪುಡಿ ಮೆತ್ತಿಕೊಂಡಿತ್ತು. ಕೆಳಗಿಟ್ಟಾಗ ನೆಲಕ್ಕೂ ಉದುರಿತು.

"ಸುಣ್ಣದ ಚೀಲವೇ ಸಿಕ್ತಾ ನಿಂಗೆ? ಈಗಷ್ಟೇ ಗುಡಿಸಿದ್ದೆ!"

ಅವಳು ದುಪಟ್ಟಾದ ತುದಿಯಿಂದ ಒರೆಸಿದಳು. "ಬರೆದ ಅರ್ಜಿ ಎಲ್ಲಾ ವಾಪಸ್ ಬಂದಿವೆ. ವಿದ್ಯಾರ್ಥಿವೇತನ ಈ ತಿಂಗಳಿಗೆ ಮುಗೀತು. ಇವತ್ತೂ ಆಗಲಿಲ್ಲ ಅಂದ್ರೆ ಓದಿಗೆ ಕೈಮುಗಿದು ಹಾಸ್ಟೆಲ್ ಖಾಲಿ ಮಾಡೋದೇ ಅಣ್ಣಾ."

ಕರುಣೆ ಬಂತೋ, ಹಣ್ಣಿನ ಪರಿಮಳ ಬಂತೋ, ಜವಾನ ಚೀಲವನ್ನು ಒಳಗೆ ಬಿಟ್ಟ. ಹೆಚ್ಚುವಾಗ ಒಂದು ಹಣ್ಣು, ಹೆಂಡತಿಗೆಂದು, ಅವನ ಬುತ್ತಿಚೀಲ ಸೇರಿತು. ಲಂಚವಲ್ಲ ಅದು, ಹೆಚ್ಚಿದ ಕೂಲಿ.

ತಟ್ಟೆ ಹಿಡಿದು ಹೋದಾಗ ಸಮಿತಿಯ ಅಧ್ಯಕ್ಷರು ಅವಳ ಅರ್ಜಿ ತಿರುವುತ್ತಿದ್ದರು.

"ಚೌಳು ನೆಲ. ಉಪ್ಪು ಮೇಲೆದ್ದು ಹುಲ್ಲೂ ಹುಟ್ಟದ ಜಾಗ. ಅಲ್ಲಿ ಕಾಡುಬಳ್ಳಿ ಬೇರಿಗೆ ಕಸಿ ಕಟ್ಟಿ ಬೆಳೆ ತೆಗೀತೀಯಾ?" ಅವರು ಕನ್ನಡಕ ಕೆಳಗಿಳಿಸಿದರು. "ಕೆಲಸ ಶುರು ಮಾಡಿಲ್ಲ ತಾನೇ? ಶುರುವಾದದ್ದಕ್ಕೆ ನಾವು ಹಣ ಕೊಡಲ್ಲ."

"ನಿಯಮ ಓದಿದೀನಿ ಸರ್."

"ಓದಿದ್ರೆ ಸಾಲದು, ಆಗೋ ಕೆಲಸ ಹುಡುಕಬೇಕು," ಎಂದರು ಪಕ್ಕದ ಮಣ್ಣುತಜ್ಞೆ, ಒಂದು ಹೋಳು ಬಾಯಿಗಿಡುತ್ತ. ನುಂಗುವ ಮೊದಲೇ ಇನ್ನೊಂದು ಹೋಳು ತೆಗೆದುಕೊಂಡರು. "ಅಬ್ಬಾ! ಎಲ್ಲಿಯದಮ್ಮಾ ಇದು? ಸಕ್ಕರೆ!"

"ನಮ್ಮ ಚಿಕ್ಕಮ್ಮನ ಹೊಲದ್ದು ಮೇಡಂ."

ಅಧ್ಯಕ್ಷರೂ ತಿಂದರು. ತಟ್ಟೆ ಬರಿದಾಯಿತು. ಜವಾನ ಇನ್ನೊಂದು ತಟ್ಟೆ ತಂದ. ಅದೂ ಹಾಗೆಯೇ ಹೋಯಿತು.

ಅಧ್ಯಕ್ಷರು ಬಾಯಿ ಒರೆಸಿಕೊಂಡು ಅರ್ಜಿಗೆ ಅಡ್ಡಗೆರೆ ಎಳೆದರು. ಹುಡುಗಿ ಎದ್ದು ನಿಂತಳು.

"ಈ ಚೌಳಿನ ಹುಚ್ಚು ಬಿಡು ಮಗಳೇ. ಬೆಳೆಯೋ ಭೂಮಿ ಮನೇಲೇ ಇಟ್ಕೊಂಡು ಬೆಳೆಯದ ಭೂಮಿಗ್ಯಾಕೆ ಮಣ್ಣು ಹೊರ್ತೀಯಾ? ಇಷ್ಟು ಸಿಹಿ ಕೊಡೋ ಮಣ್ಣಲ್ಲಿ ಏನಿದೆ, ಅದನ್ನ ಕಂಡುಹಿಡಿ. ಪೂರ್ತಿ ಹಣ ಕೊಡ್ತೀವಿ."

"ಕಂಡುಹಿಡೀತೀನಿ ಸರ್," ಎಂದಳು ಅವಳು ತಲೆ ತಗ್ಗಿಸಿ. ಅಳು ತಡೆಯುತ್ತಿದ್ದಾಳೋ ನಗು ತಡೆಯುತ್ತಿದ್ದಾಳೋ ಜವಾನನಿಗೆ ತಿಳಿಯಲಿಲ್ಲ.

ಅವಳು ರುಜು ಹಾಕಲು ಒಳಗೇ ಉಳಿದಳು. ಅವನು ಭಾರದ ಬುತ್ತಿಚೀಲ ಹೆಗಲಿಗೇರಿಸಿ, ಖಾಲಿ ಗೋಣಿ ಹಿಡಿದು ಮೆಟ್ಟಿಲಿಳಿದ. ಕೆಳಗೆ ನೆರಳಲ್ಲಿ ಒಬ್ಬ ಹೆಂಗಸು ಕಾಯುತ್ತ ಕುಳಿತಿದ್ದಳು. ಅವಳ ಹಿಮ್ಮಡಿಯ ಬಿರುಕುಗಳಲ್ಲೂ ಅದೇ ಬಿಳಿ ಪುಡಿ.

"ನೀವೇನಾ ಚಿಕ್ಕಮ್ಮ? ಹುಡುಗಿಗೆ ದುಡ್ಡು ಮಂಜೂರಾಯ್ತು! ನಿಮ್ಮ ಹೊಲದ ಮಣ್ಣು ಬಂಗಾರವಂತೆ."

ಅವಳು ಗೋಣಿಯೊಳಗೆ ಇಣುಕಿ ನೋಡಿದಳು.

"ಬಂಗಾರ ಎಲ್ಲಿಂದ ಬರ್ಬೇಕು ತಮ್ಮಾ, ಬರೀ ಚೌಳು! ಉಪ್ಪು ಗುಡಿಸಿ ಸಾಕಾಗಿ ಬೀಳು ಬಿಟ್ಟಿದ್ದೆ, ಇವಳೇ ಬಂದು ಕಸಿ ಕಟ್ಟಿದ್ಲು. ಹೊಲ ಕೊಟ್ಟಿದ್ದಕ್ಕೆ ಮೊದಲ ಬೆಳೇಲಿ ಒಂದು ಹಣ್ಣು ನಂಗೆ ಅಂತ ಮಾತು ಕೊಟ್ಟಿದ್ಲು... ಒಂದಾದ್ರೂ ಉಳೀತಾ?"